ಸರ್ಕಾರಿ ಹೈಸ್ಕೂಲಿನ ರಿಸಲ್ಟು ಶೇ 61, ಮಗಳನ್ನು ಸೇರಿಸಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಎಂಟನೇ ಕ್ಲಾಸಿನ ಹುಡುಗಿಯ ಅಮ್ಮ

ಮನೆಯವರ ಕೆಲಸದ ಸಲುವಾಗಿ ಬೆಂಗಳೂರಿನಿಂದ ಸಿಂಧನೂರು ಕಡೆಗೆ ಬಂದಿದ್ದೇವೆ. ಮಗಳು ಏಳನೇ ಕ್ಲಾಸು ಮುಗಿಸಿದ್ದಾಳೆ. ಹತ್ತು ನಿಮಿಷ ನಡೆದರೆ ಸರ್ಕಾರಿ ಹೈಸ್ಕೂಲು, ಇಂಗ್ಲಿಷ್ ಮೀಡಿಯಂ ವಿಭಾಗವೂ ಇದೆ. ಆದರೆ 2025ರಲ್ಲಿ ಅಲ್ಲಿನ ಎಸ್ಸೆಸ್ಸೆಲ್ಸಿ ರಿಸಲ್ಟು ಶೇ 61 ಅಂತೆ. ಹತ್ತಿರದ ಖಾಸಗಿ ಶಾಲೆಯವರು ಶೇ 100 ಅಂತ ಬ್ಯಾನರ್ ಕಟ್ಟಿದ್ದಾರೆ. “ಸರ್ಕಾರಿ ಶಾಲೆಗೆ ಬರೋದೆಲ್ಲ ಕೂಲಿಯವರ ಮಕ್ಕಳು, ತಾಂಡಾದವರು, ಓದೋ ವಾತಾವರಣ ಇರಲ್ಲ” ಎಂದು ಓಣಿಯವರು ಹೇಳುತ್ತಾರೆ. ಆ ಮಾತು ನನಗೆ ಹಿಡಿಸಲಿಲ್ಲ. ಆದರೂ ಒಳಗೆ ಭಯ ಇದೆ. ಏನು ನೋಡಿ ತೀರ್ಮಾನ ಮಾಡಬೇಕು?

ನಿವೃತ್ತ ಗಣಿತ ಮೇಷ್ಟ್ರು, ರಾಯಚೂರು ಜಿಲ್ಲೆ

ತಂಗಿ, 61 ಅನ್ನುವುದನ್ನು ಒಂದೇ ನೋಡಬೇಡಿ. 2025ರ ಮೊದಲ ಪರೀಕ್ಷೆಯಲ್ಲಿ ಇಡೀ ರಾಜ್ಯದಲ್ಲೇ ಪಾಸಾದವರು ಶೇ 66.14. ದಕ್ಷಿಣ ಕನ್ನಡ ಶೇ 91.12 ಬಂದು ಮೊದಲಿತ್ತು, ಕಲಬುರಗಿ ಶೇ 42.43ಕ್ಕೆ ಕೊನೆಗಿತ್ತು. ಇದೇ 61 ಮಂಗಳೂರಿನ ಶಾಲೆಗೆ ಬಂದಿದ್ದರೆ ಬೇರೆ ಕಡೆ ನೋಡಿ ಅಂತಿದ್ದೆ. ನಮ್ಮ ಕಡೆ ಅದು ಬೆವರು ಸುರಿಸಿ ತಂದ ಅಂಕಿ.

ಹಳೆಯ ವರ್ಷಗಳ ಜೊತೆ ಹೋಲಿಸಲೂ ಬೇಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ನೇರವಾಗಿ ಕಣ್ಣಿಡುವುದು, ಬಂತು. ಗ್ರೇಸ್ ಅಂಕ ಹೆಚ್ಚು ಮಾಡಿದರೂ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚಿನ ಗ್ರೇಸೂ ಇರಲಿಲ್ಲ. ಮಕ್ಕಳು ಎರಡು ವರ್ಷದಲ್ಲಿ ದಡ್ಡರಾಗಲಿಲ್ಲ, ಅಳೆಯುವ ಸೇರು ಬದಲಾಯಿತು.

ಇನ್ನು ಯಾರ ಮಕ್ಕಳು ಬರುತ್ತಾರೆ ಎಂಬ ಮಾತು. ನನ್ನ ಕ್ಲಾಸಿನಲ್ಲಿ ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಕೆಲವರದು ತೆಲುಗು, ಕೆಲವರದು ಉರ್ದು. 125 ಅಂಕದ ಪ್ರಥಮ ಭಾಷೆ ಕನ್ನಡ ಅವರು ಶಾಲೆಗೆ ಬಂದ ಮೇಲೆ ಕಲಿತ ಭಾಷೆ. ಅವರಿಗೆ ಲೆಕ್ಕ ಬರುತ್ತಿತ್ತು, ಲೆಕ್ಕದ ಪುಸ್ತಕದ ಕನ್ನಡ ಬರುತ್ತಿರಲಿಲ್ಲ. ಶೇಕಡಾವಾರು ಲೆಕ್ಕ ಓದಿ ಸುಮ್ನೆ ಕೂತಿದ್ದ ಹುಡುಗನಿಗೆ ಅದನ್ನೇ ಹತ್ತಿ ತೂಕ, ಕೂಲಿ ದುಡ್ಡು ಅಂತ ಬದಲಿಸಿ ಕೇಳಿದೆ. ಪೆನ್ನು ಮುಟ್ಟದೆ ಉತ್ತರ ಹೇಳಿದ. ನಾನು ಪಾಠ ಮಾಡುವ ರೀತಿ ಬದಲಿಸಿಕೊಂಡಿದ್ದು ಆ ದಿನದಿಂದ.

ಆಮೇಲೆ ಹತ್ತಿ ಬಿಡಿಸುವ ಕಾಲ. ನವೆಂಬರ್ ಬಂದರೆ ಹಿಂದಿನ ಬೆಂಚುಗಳು ಖಾಲಿ. ಕೆಲವು ಮನೆಯವರು ಗುಳೆ ಹೋಗುತ್ತಾರೆ, ಮಕ್ಕಳೂ ಸಂಗಡ ಹೋಗುತ್ತವೆ. ವಾಪಸು ಬರುವಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ತಲೆ ಮೇಲೆ. ಅವರಿಗೆ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟು ಮುಖ್ಯ ಪಾಠ ಮಾತ್ರ, ಓದಿಸಿ ಪಾಸು ಮಾಡಿಸುವುದೇ ನಮಗೆ ದೊಡ್ಡ ಕೆಲಸ. ಆ ಮಕ್ಕಳು ಫೇಲಾದರೆ ಶಾಲೆಯ ಶೇಕಡಾ ಇಳಿಯುತ್ತದೆ. ಅದರಿಂದ ನಿಮ್ಮ ಮಗಳಿಗೆ ಅಲ್ಲಿ ಎಂಥ ಪಾಠ ಸಿಗುತ್ತದೆ ಎಂದು ಗೊತ್ತಾಗುವುದಿಲ್ಲ.

ಹೆಡ್‌ಮಾಸ್ಟರನ್ನು ಕಂಡು ವಿಷಯವಾರು ರಿಸಲ್ಟು ಕೇಳಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ ಕೇಳಿ. ನನ್ನ ಜೊತೆ ವಿಜ್ಞಾನ ಹೇಳುತ್ತಿದ್ದ ಅತಿಥಿ ಶಿಕ್ಷಕಿಯಷ್ಟು ಚೆನ್ನಾಗಿ ಪಾಠ ಮಾಡುವವರನ್ನು ನಾನು ಕಂಡಿಲ್ಲ. ಆದರೆ ಅವರ ನೇಮಕ ತಡವಾದರೆ ಮೊದಲ ಪಾಠಗಳು ಹಿಂದೆ ಬೀಳುತ್ತವೆ. ಆ ತಿಂಗಳುಗಳಲ್ಲಿ ಯಾರು ಪಾಠ ಮಾಡಿದರು ಎಂದು ಕೇಳಿ.

ಒಬ್ಬ ಅಪ್ಪ, ಗಂಗಾವತಿ

ಬ್ಯಾನರಿನ ನೂರರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮಗ ಒಂದು ಖಾಸಗಿ ಶಾಲೆಯಲ್ಲಿದ್ದ. ಎಂಟರಲ್ಲಿ ಅವನ ಕ್ಲಾಸಿನಲ್ಲಿ 41 ಮಕ್ಕಳು. ಒಂಬತ್ತರ ಕೊನೆಗೆ ನನ್ನನ್ನು ಕರೆಸಿ, “ಹುಡುಗ ಗಣಿತದಲ್ಲಿ ಹಿಂದಿದ್ದಾನೆ, ಟಿಸಿ ತಗೊಂಡು ಬೇರೆ ಕಡೆ ಹಾಕಿ” ಎಂದರು. ನನ್ನಂತೆ ಹಲವರಿಗೆ ಹೇಳಿದ್ದರು. ಹತ್ತನೇ ಕ್ಲಾಸಿಗೆ ಉಳಿದವರು 27. ಆ ವರ್ಷ ಶಾಲೆಗೆ ನೂರಕ್ಕೆ ನೂರು ಬಂತು. ನನ್ನ ಮಗನನ್ನು ಸೇರಿಸಿಕೊಂಡಿದ್ದು ಸರ್ಕಾರಿ ಹೈಸ್ಕೂಲು. ಮೊದಲ ಪರೀಕ್ಷೆಯಲ್ಲಿ ಗಣಿತ ಹೋಯಿತು, ಎರಡನೆಯದರಲ್ಲಿ ಪಾಸಾದ. ಅವನು ಫೇಲಾದದ್ದು ಸರ್ಕಾರಿ ಶಾಲೆಯ ಲೆಕ್ಕಕ್ಕೆ ಸೇರಿತು, ನೋಡಿ.

ಎಲ್ಲ ಖಾಸಗಿ ಶಾಲೆಗಳೂ ಹೀಗೆ ಎಂದು ಹೇಳುತ್ತಿಲ್ಲ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ: ಎಂಟಕ್ಕೆ ಎಷ್ಟು ಮಕ್ಕಳು ಸೇರಿದ್ದರು, ಅವರಲ್ಲಿ ಎಷ್ಟು ಜನ ಹತ್ತರ ಪರೀಕ್ಷೆ ಬರೆದರು?

ಹಳೆಯ ವಿದ್ಯಾರ್ಥಿನಿ, ಈಗ ಹುಬ್ಬಳ್ಳಿಯಲ್ಲಿ ನರ್ಸ್

ಅಕ್ಕಾ, ನಿಮ್ಮ ಓಣಿಯವರು ಹೇಳುವ ತಾಂಡಾದ ಹುಡುಗಿ ನಾನೇ. ಹಾಸ್ಟೆಲ್‌ನಲ್ಲಿದ್ದು ಸರ್ಕಾರಿ ಹೈಸ್ಕೂಲಲ್ಲಿ ಓದಿದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ಕಂಡ ಮೊದಲನೆಯವಳು. ಹಾಸ್ಟೆಲ್ ಇರದಿದ್ದರೆ ನಾನೂ ಅವ್ವನ ಜೊತೆ ಹತ್ತಿ ಹೊಲದಲ್ಲಿ ಇರುತ್ತಿದ್ದೆ.

ಕಷ್ಟ ಇತ್ತು, ಮುಚ್ಚಿಡುವುದಿಲ್ಲ. ಒಂದು ಸೆಕ್ಷನ್ನಿಗೆ ಎಪ್ಪತ್ತು ಮಕ್ಕಳು. ಶೌಚಾಲಯಕ್ಕೆ ನೀರು ಇರುತ್ತಿರಲಿಲ್ಲ, ಮುಟ್ಟಾದ ದಿನ ಎಷ್ಟೋ ಹುಡುಗಿಯರು ಶಾಲೆಗೇ ಬರುತ್ತಿರಲಿಲ್ಲ. ಸೇರಿಸುವ ಮುಂಚೆ ಇದನ್ನು ಕಣ್ಣಾರೆ ನೋಡಿ ಬನ್ನಿ.

ನನ್ನ ಪಕ್ಕ ಬ್ಯಾಂಕಿನವರ ಮಗಳೊಬ್ಬಳು ಕೂರುತ್ತಿದ್ದಳು. ಬಿಸಿಯೂಟ ಆದ ಮೇಲೆ ನನಗೆ ಇಂಗ್ಲಿಷ್ ಓದಿಸುತ್ತಿದ್ದಳು, ನಾನು ಅವಳಿಗೆ ವಿಜ್ಞಾನದ ಚಿತ್ರ ಬರೆಯುವುದು ಹೇಳಿಕೊಡುತ್ತಿದ್ದೆ. ಅವಳ ಅಪ್ಪ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೂರು ಸಲ ಎದ್ದು ನಿಂತು ಕೇಳಿದ ಮೇಲೆ ನೀರಿನ ಪೈಪು ಬಂತು. ನಮ್ಮ ಅಪ್ಪ ಅವ್ವ ದಿನಗೂಲಿ ಬಿಟ್ಟು ಸಭೆಗೆ ಬರುವ ಹಾಗಿರಲಿಲ್ಲ. ನಿಮ್ಮಂಥವರು ಬಂದರೆ ಕೇಳುವವರು ಜಾಸ್ತಿ ಆಗುತ್ತಾರೆ ಅಲ್ವಾ?

ಇನ್ನೊಬ್ಬ ತಾಯಿ, ಮಾನ್ವಿ

ಒಂದು ಮಾತು ಸೇರಿಸುತ್ತೇನೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದೆ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ನನ್ನ ಮಗಳಿಗೆ ಬರುತ್ತಿದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇವತ್ತು ಹೋಗಿ ಬಂದೆ. ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರು 88, ಪರೀಕ್ಷೆ ಬರೆದವರು 83. ಬಿಟ್ಟ ಐವರು ಯಾರು, ಎಲ್ಲಿದ್ದಾರೆ ಎಂದು ಹೆಡ್‌ಮಾಸ್ಟರಿಗೆ ಹೆಸರು ಸಮೇತ ಗೊತ್ತಿತ್ತು. ಗಣಿತಕ್ಕೆ ಕಾಯಂ ಮೇಡಂ ಇದ್ದಾರೆ, ವಿಜ್ಞಾನಕ್ಕೆ ಅತಿಥಿ ಶಿಕ್ಷಕರು. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತಿತ್ತು, ಬಾಗಿಲಿನ ಚಿಲಕ ಮುರಿದಿತ್ತು. ಖಾಸಗಿ ಶಾಲೆಯವರು ಎಂಟನೇ ಕ್ಲಾಸಿನ ಲೆಕ್ಕ ಕೊಡಲಿಲ್ಲ. ಸೋಮವಾರ ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸುತ್ತಿದ್ದೇನೆ. ಚಿಲಕದ ವಿಷಯವನ್ನೂ ಅವತ್ತೇ ಮಾತಾಡುತ್ತೇನೆ.