ಐಇಎಲ್‌ಟಿಎಸ್ ರೀಡಿಂಗ್ 6ಕ್ಕೇ ನಿಂತಿದೆ, 7 ಮಾಡುವುದು ಹೇಗೆ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಊರು ಹಾಸನದ ಕಡೆ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಬ್ರಿಟನ್ನಿಗೆ ಹೋಗೋಣ ಅಂತ ಐಇಎಲ್‌ಟಿಎಸ್ ಅಕಾಡೆಮಿಕ್ ಬರೆದೆ, ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನವರು ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಕೇಳುತ್ತಾರೆ, ರೈಟಿಂಗ್‌ಗೆ 6.5 ಸಾಕು. ನನಗೆ ಸ್ಪೀಕಿಂಗ್ 7, ರೈಟಿಂಗ್ 6.5 ಬಂತು. ಲಿಸನಿಂಗ್ 6.5, ರೀಡಿಂಗ್ 6. ಎಲ್ಲರೂ ರೈಟಿಂಗ್ ಕಷ್ಟ ಅಂತ ಅಳುತ್ತಾರೆ, ನಾನು ನೋಡಿದರೆ ಓದುವುದರಲ್ಲಿ ಬಿದ್ದಿದ್ದೇನೆ.

ಕೋಚಿಂಗ್‌ಗೆ ಹೋಗಿದ್ದೆ, ಎಲ್ಲಿ ಅಂತ ಹೇಳಲ್ಲ. ಮೊದಲನೇ ದಿನವೇ 3000 ಪದಗಳ ಜೆರಾಕ್ಸ್ ಕಟ್ಟು ಕೈಗಿಟ್ಟು, ದಿನಕ್ಕೆ 50 ಬಾಯಿಪಾಠ ಮಾಡಿ ಅಂದರು. ಮಾಡಿದೆ. ಡ್ಯೂಟಿ ರೂಮಿನಲ್ಲಿ, ಮೆಟ್ರೋದಲ್ಲಿ, ಅನ್ನಕ್ಕಿಟ್ಟು ಕುಕ್ಕರ್ ಕೂಗುವ ತನಕವೂ ಉರು ಹೊಡೆದೆ. ಪರೀಕ್ಷೆಯಲ್ಲಿ ಆ ಕಟ್ಟಿನ ಪದ ನಾಲ್ಕೋ ಐದೋ ಕಂಡಿರಬೇಕು ಅಷ್ಟೆ. ಮೂರನೇ ಪ್ಯಾಸೇಜಿಗೆ ಬರುವಷ್ಟರಲ್ಲಿ 12 ನಿಮಿಷ ಉಳಿದಿತ್ತು, ಕೊನೆಯ ಐದಾರು ಪ್ರಶ್ನೆಗೆ ಸುಮ್ನೆ ಬಾಯಿಗೆ ಬಂದದ್ದು ಹಾಕಿದೆ.

ಇನ್ನೊಂದು ಸಲ ಫೀಸು ಕಟ್ಟುವ ಮೊದಲು ಕೇಳೋಣ ಅನ್ನಿಸಿತು. ದಿನಾ ಕೆಂಗೇರಿಯಿಂದ ಇಂದಿರಾನಗರಕ್ಕೆ ಮೆಟ್ರೋ, ಹೋಗುತ್ತಾ ಮುಕ್ಕಾಲು ಗಂಟೆ, ಬರುತ್ತಾ ಮುಕ್ಕಾಲು ಗಂಟೆ. ಸಿಗುವ ಟೈಮ್ ಅದೇ. ಏನು ಓದಲಿ, ಏನು ಕೇಳಲಿ?

ಕಡ್ಲೆಕಾಯಿ ಪರಿಷೆ:

ಮೇಡಂ, ನೀವು ನರ್ಸ್ ಅಂದಮೇಲೆ ಓಇಟಿ ಯಾಕೆ ನೋಡಬಾರದು? ಅದು ಆಸ್ಪತ್ರೆ ಕೆಲಸದವರಿಗೇ ಮಾಡಿದ ಪರೀಕ್ಷೆ, ಆ ಕೌನ್ಸಿಲ್‌ನವರು ಅದನ್ನೂ ಒಪ್ಪುತ್ತಾರೆ. ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ಗೆ ಬಿ ಗ್ರೇಡ್, ರೈಟಿಂಗ್‌ಗೆ ಸಿ ಪ್ಲಸ್ ಬೇಕು. ನನ್ನ ತಂಗಿ ಅದನ್ನೇ ಬರೆದಳು. ಪೇಷಂಟ್, ಡೋಸು, ಹ್ಯಾಂಡೋವರ್ ಅಂತೆಲ್ಲ ದಿನಾ ಕೇಳುವ ಮಾತೇ ಬರುತ್ತದೆ. ಆದರೆ ಫೀಸು ಐಇಎಲ್‌ಟಿಎಸ್‌ಗಿಂತ ಜಾಸ್ತಿ, ಅದನ್ನು ನೋಡಿಕೊಳ್ಳಿ.

ಆ 3000 ಪದದ ಕಟ್ಟು ಇದ್ದರೆ ಅವೆನ್ಯೂ ರಸ್ತೆಯಲ್ಲಿ ತೂಕಕ್ಕೆ ಹಾಕಿ, ಒಂದು ಕಾಫಿಗಾದರೂ ಆಗುತ್ತದೆ.

ಮೂರು ಸಲ ಬರೆದವನು:

ಅಕ್ಕಾ, ನಾನೂ ಕನ್ನಡ ಮೀಡಿಯಮ್ಮೇ, ತುಮಕೂರು. ರೀಡಿಂಗ್‌ನಲ್ಲಿ ಮೊದಲನೇ ಸಲ 6, ಆಮೇಲೆ 6.5, ಮೂರನೇ ಸಲ 7.5. ಹೊಸ ಪದ ಕಲಿತು 7.5 ಬರಲಿಲ್ಲ, ನನ್ನ ತಪ್ಪನ್ನು ಎಣಿಸಿದ್ದರಿಂದ ಬಂತು.

ಒಂದು ಹಳೇ ಪೇಪರ್ ತಗೊಳ್ಳಿ. 60 ನಿಮಿಷ, 40 ಪ್ರಶ್ನೆ, ಮೂರು ಪ್ಯಾಸೇಜ್, ಪರೀಕ್ಷೆ ಥರಾನೇ ಕೂತು ಮಾಡಿ. ಆಮೇಲೆ ಉತ್ತರ ನೋಡಿ, ಒಂದೊಂದು ತಪ್ಪಿನ ಎದುರಿಗೂ ಯಾಕೆ ತಪ್ಪಾಯಿತು ಅಂತ ಬರೆಯಿರಿ. ಪದ ಗೊತ್ತಿರಲಿಲ್ಲವಾ, ಟೈಮ್ ಸಾಲಲಿಲ್ಲವಾ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವಾ. ನಾನು ಬರೆದಾಗ 17 ತಪ್ಪಿನಲ್ಲಿ ಪದ ಗೊತ್ತಿಲ್ಲದೆ ಆದದ್ದು ಮೂರೇ ಮೂರು! 8 ತಪ್ಪು ಟ್ರೂ, ಫಾಲ್ಸ್, ನಾಟ್ ಗಿವನ್‌ನಲ್ಲೇ ಇದ್ದವು.

ಈ ನಾಟ್ ಗಿವನ್ ಅನ್ನುವುದೇ ನಮ್ಮಂಥವರಿಗೆ ಹಳ್ಳ. ಲಾಲ್‌ಬಾಗ್ ಮೇಲೆ ಒಂದು ಪ್ಯಾಸೇಜ್ ಇದೆ ಅಂದುಕೊಳ್ಳಿ. 1760ರಲ್ಲಿ ಹೈದರ್ ಅಲಿ ತೋಟ ಶುರು ಮಾಡಿದ, ಮಗ ಟಿಪ್ಪು ಹೊರದೇಶಗಳಿಂದ ಗಿಡ ತರಿಸಿದ, ಗಾಜಿನ ಮನೆ 1889ರಲ್ಲಿ ಬಂತು. ಅಷ್ಟೇ ಇದೆ. ಈಗ ಮೊದಲನೇ ಹೇಳಿಕೆ, ತೋಟ ಶುರುವಾದಾಗಲೇ ಗಾಜಿನ ಮನೆಯೂ ಇತ್ತು. ಇದು ಫಾಲ್ಸ್, ಪ್ಯಾಸೇಜೇ ಉಲ್ಟಾ ಹೇಳುತ್ತಿದೆ. ಎರಡನೇ ಹೇಳಿಕೆ, ಗಾಜಿನ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಫ್ಲವರ್ ಶೋ ನಡೆಯುತ್ತದೆ. ನೀವು ತಕ್ಷಣ ಟ್ರೂ ಹಾಕುತ್ತೀರಿ. ಜನವರಿ 26ಕ್ಕೊಂದು, ಆಗಸ್ಟ್ 15ಕ್ಕೊಂದು, ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ, ಆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವರೇ ಎಲ್ಲ. ಆದರೆ ಪ್ಯಾಸೇಜಿನಲ್ಲಿ ಅದು ಇಲ್ಲ, ಹಾಗಾಗಿ ಉತ್ತರ ನಾಟ್ ಗಿವನ್. ನೀವು ನರ್ಸ್ ಬೇರೆ. ನಿದ್ದೆ, ಶುಗರ್, ಮೆದುಳು ಅಂತ ಪ್ಯಾಸೇಜ್ ಬಂದರೆ ನಿಮಗೆ ಗೊತ್ತಿರುವುದೇ ನಿಮಗೆ ಮುಳುವಾಗುತ್ತದೆ.

ಟೈಮ್ ವಿಷಯ. 20, 20, 20 ಅಂತ ಹಂಚಬೇಡಿ. ಮೂರನೆಯದು ಸಾಮಾನ್ಯವಾಗಿ ಕಷ್ಟ, ನಾನು 15, 20, 25 ಮಾಡಿದೆ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿತು ಅಂದರೆ ಏನೋ ಒಂದು ಹಾಕಿ ಮುಂದೆ ಹೋಗಿ, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್ ಇಲ್ಲ. ಆಮೇಲೆ ಸಬ್‌ಟೈಟಲ್ ಹಾಕಿಕೊಂಡು ಇಂಗ್ಲಿಷ್ ಸಿನಿಮಾ ನೋಡಿ, ಲಿಸನಿಂಗ್ ತಾನಾಗೇ ಬರುತ್ತದೆ.

ಜಯನಗರದ ಮೇಷ್ಟ್ರು:

ಮೇಲಿನವರು ರೀಡಿಂಗ್ ಬಗ್ಗೆ ಹೇಳಿದ್ದು ಸರಿ. ಸಿನಿಮಾ ಮಾತು ಮಾತ್ರ ಒಪ್ಪಲ್ಲ. ಸಬ್‌ಟೈಟಲ್ ಇದ್ದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಕಾಲೇಜಿನಲ್ಲಿ 30 ವರ್ಷ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ, ನೂರು ಸಿನಿಮಾ ನೋಡಿಯೂ ಒಂದು ವಾಕ್ಯ ಕೇಳಿ ಬರೆಯಲಾರದ ಹುಡುಗರನ್ನು ಕಂಡಿದ್ದೇನೆ.

ನೋಡಮ್ಮ, ಲಿಸನಿಂಗ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಆಡಿಯೊ ಒಂದೇ ಸಲ. ಮೊದಲ ಭಾಗ ಬರೀ ಇಬ್ಬರ ಮಾತುಕತೆ, ರೂಮು ಬುಕ್ ಮಾಡುವುದೋ ಕ್ಲಾಸಿಗೆ ಸೇರುವುದೋ. ಸುಲಭ ಅಂತ ಮೈಮರೆತರೆ ಅಲ್ಲೇ ಎರಡು ಮಾರ್ಕ್ಸ್ ಹೋಗುತ್ತದೆ. ಮಂಗಳವಾರ ಅನ್ನುತ್ತಾನೆ, ನೀನು ಬರೆದುಕೊಳ್ಳುತ್ತೀಯ, ಅಷ್ಟರಲ್ಲಿ ಅಯ್ಯೋ ಸಾರಿ ಗುರುವಾರ ಅಂತ ತಿದ್ದುತ್ತಾನೆ. ಥರ್ಟೀನಾ ಥರ್ಟಿನಾ, ಅದು ಇನ್ನೊಂದು.

ನಮ್ಮವರಿಗೇ ಅಂಟಿದ ತೊಂದರೆ ಬೇರೆ ಇದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ ಅಂತ ಹೇಳಲ್ಲ, ಬಸ್ಸು ಅಂತೀವಿ. ಕಾರು, ಬುಕ್ಕು, ಕಾರ್ಡು. ಹಾಗಾಗಿ ಇಂಗ್ಲಿಷಿನಲ್ಲಿ ಪದದ ಬಾಲಕ್ಕೆ ಬರುವ ಸಣ್ಣ ಸದ್ದನ್ನು ನಮ್ಮ ಕಿವಿ ಬಿಟ್ಟುಬಿಡುತ್ತದೆ. ಅವರು ಕಾರ್ಡ್ಸ್ ಅಂದಿರುತ್ತಾರೆ, ನಾವು ಕಾರ್ಡ್ ಬರೆಯುತ್ತೇವೆ, ತಪ್ಪು. ಸ್ಪೆಲಿಂಗ್ ಕೆಟ್ಟರೂ ತಪ್ಪೇ. ಅಕಾಮಡೇಶನ್‌ಗೆ ಎರಡು ಸಿ, ಎರಡು ಎಂ, ಇದನ್ನು ಇವತ್ತೇ ಗೋಡೆಗೆ ಅಂಟಿಸು. ಬ್ರಿಟಿಷ್ ಸ್ಪೆಲಿಂಗಾದರೂ ಅಮೆರಿಕನ್ ಸ್ಪೆಲಿಂಗಾದರೂ ಒಪ್ಪುತ್ತಾರೆ, ಆ ಚಿಂತೆ ಬೇಡ.

ಇದಕ್ಕೆ ಮದ್ದು ಉಕ್ತಲೇಖನ. ಪ್ರೈಮರಿಯಲ್ಲಿ ಮೇಷ್ಟ್ರು ಓದಿ ಬರೆಸುತ್ತಿದ್ದರಲ್ಲ, ಅದೇ. ಬಿಬಿಸಿಯವರ ಸಿಕ್ಸ್ ಮಿನಿಟ್ ಇಂಗ್ಲಿಷ್ ಪುಕ್ಕಟೆ ಸಿಗುತ್ತದೆ, ಆಡಿಯೊ ಜೊತೆಗೆ ಬರಹವೂ ಇರುತ್ತದೆ. ಒಂದೇ ಒಂದು ನಿಮಿಷ ತಗೋ. ಕೇಳಿ, ನಿಲ್ಲಿಸಿ, ಬರೆ. ಎಷ್ಟು ಸಲ ಬೇಕಾದರೂ ಕೇಳು. ಆಮೇಲೆ ಬರಹದ ಪಕ್ಕ ಇಟ್ಟು ಕೆಂಪು ಪೆನ್ನಿನಲ್ಲಿ ತಿದ್ದು. ಮೆಟ್ರೋದಲ್ಲಿ ಬರೆಯಲು ಆಗುವುದಿಲ್ಲ, ಮನೆಯಲ್ಲಿ ತಿದ್ದಿದ್ದನ್ನೇ ಮೆಟ್ರೋದಲ್ಲಿ ಮತ್ತೆ ಕೇಳು.

ಪದಗಳ ವಿಷಯಕ್ಕೆ ಬಂದರೆ, ಪಟ್ಟಿ ಬೇಡ ಅಂತ ನಾನು ಹೇಳಲ್ಲ. ಯಾವ ಪಟ್ಟಿ ಅನ್ನುವುದೇ ಮಾತು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಅವರು 2000ನೇ ಇಸವಿಯಲ್ಲಿ ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತ ಒಂದು ಕೊಟ್ಟರು. ಯಾವ ಸಬ್ಜೆಕ್ಟ್ ಓದಿದರೂ ಮತ್ತೆ ಮತ್ತೆ ಸಿಗುವ 570 ಪದ ಕುಟುಂಬಗಳು (ಒಂದು ಮೂಲ ಪದ, ಅದರಿಂದ ಹುಟ್ಟಿದ ರೂಪಗಳು), ಜಾಸ್ತಿ ಸಿಗುವುದು ಮೊದಲು ಬರುವ ಹಾಗೆ 10 ಭಾಗ ಮಾಡಿದ್ದಾರೆ. ಎವಿಡೆನ್ಸ್, ಎಸ್ಟಿಮೇಟ್, ಅಸ್ಯೂಮ್ ಥರದವು. ನಿನಗೆ ಅರ್ಧ ಆಗಲೇ ಗೊತ್ತಿರುತ್ತವೆ. ಅರ್ಥ ಉರು ಹೊಡೆಯಬೇಡ, ಅದೇ ಅರ್ಥ ಕೊಡುವ ನೆಂಟರನ್ನು ಹುಡುಕು. ಪ್ಯಾಸೇಜಿನಲ್ಲಿ ಡಿಕ್ಲೈನ್ ಅಂತ ಇದ್ದರೆ ಪ್ರಶ್ನೆಯಲ್ಲಿ ಫಾಲ್ ಅಂತ ಇರುತ್ತದೆ. ಪರೀಕ್ಷೆ ಪೂರ್ತಿ ಇದೇ ಆಟ, ಒಂದೇ ಮಾತಿಗೆ ಎರಡು ಅಂಗಿ.

ಇಷ್ಟಕ್ಕೆಲ್ಲ ದುಡ್ಡು ಬೇಡ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಸೆಂಟ್ರಲ್ ಲೈಬ್ರರಿಗೆ ರಜೆ ದಿನ ಹೋಗಿ ಕೂತುಕೋ. ನಿನ್ನ ಮೆಟ್ರೋ ದಾರಿಯಲ್ಲೇ ಇದೆ.

ಮೂರು ಸಲ ಬರೆದವನು:

ಸರ್, ಸಿನಿಮಾ ಮಾತು ವಾಪಸ್ ತಗೊಂಡೆ 🙏 ಆದರೂ ಒಂದು ಹೇಳುತ್ತೇನೆ, ನನಗೆ ಆಸ್ಟ್ರೇಲಿಯಾದವರ ಮಾತು ಕಿವಿಗೆ ಹಿಡಿದದ್ದು ಕ್ರಿಕೆಟ್ ಕಾಮೆಂಟರಿಯಿಂದಲೇ. ಅದಕ್ಕೆ ಸಬ್‌ಟೈಟಲ್ ಇರಲ್ಲ ಅಲ್ವಾ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಡ್ಯೂಟಿ ಇತ್ತು.

ಒಂದು ಪೇಪರ್ ಮಾಡಿ ಲೆಕ್ಕ ಹಾಕಿದೆ. 40ಕ್ಕೆ 24. ತಪ್ಪಾದ 16ರಲ್ಲಿ ನಾಟ್ ಗಿವನ್ 5, ಟೈಮ್ ಸಾಲದೆ 6, ಎರಡು ಪದ ಮೀರಬಾರದು ಅಂತ ಇದ್ದ ಕಡೆ ಮೂರು ಪದ ಬರೆದದ್ದು 2. ಪದ ಗೊತ್ತಿಲ್ಲದ್ದು ನನಗೂ ಮೂರೇ. ನಾಟ್ ಗಿವನ್‌ನ ಐದರಲ್ಲಿ ಒಂದು ನಿದ್ದೆ ಬಗ್ಗೆ ಇತ್ತು ತಮ್ಮಾ, ನೀನು ಹೇಳಿದ ಹಾಗೇ ಆಯಿತು, ನೈಟ್ ಡ್ಯೂಟಿ ಮಾಡುವವಳು ನಾನು, ಅದಕ್ಕಿಂತ ನನಗೇ ಜಾಸ್ತಿ ಗೊತ್ತು ಅಂತ ಟ್ರೂ ಹಾಕಿಬಿಟ್ಟೆ.

ಮೇಷ್ಟ್ರೇ, ಒಂದು ನಿಮಿಷದ ಉಕ್ತಲೇಖನಕ್ಕೆ 35 ನಿಮಿಷ ಹಿಡಿಯಿತು. 'ಇನ್ ಆ್ಯನ್ ಅವರ್' ಅನ್ನುವುದು ಏಳು ಸಲ ಕೇಳಿದರೂ ಯಾವುದೋ ಒಂದೇ ಪದದ ಥರ ಕೇಳುತ್ತಿತ್ತು. ಬಹುವಚನದ ಎಸ್ ನಾಲ್ಕು ಕಡೆ ಬಿಟ್ಟಿದ್ದೆ. ಒಂದು ಡೌಟು, ಕಂಪ್ಯೂಟರ್‌ನಲ್ಲಿ ಬರೆದರೆ ಉತ್ತರ ತುಂಬಿಸಲು ಕೊನೆಯಲ್ಲಿ 10 ನಿಮಿಷ ಕೊಡುತ್ತಾರಾ?

ಜಯನಗರದ ಮೇಷ್ಟ್ರು:

ಇಲ್ಲಮ್ಮ. 10 ನಿಮಿಷ ಪೇಪರಿನಲ್ಲಿ ಬರೆಯುವವರಿಗೆ, ಅದೂ ಲಿಸನಿಂಗ್‌ಗೆ ಮಾತ್ರ. ಕಂಪ್ಯೂಟರ್‌ನಲ್ಲಿ ಕೇಳುತ್ತಲೇ ಟೈಪ್ ಮಾಡಬೇಕು, ಕೊನೆಗೆ ಸರಿನೋಡಲು 2 ನಿಮಿಷ. ಅದಕ್ಕೇ ನಾಳೆಯಿಂದ ಉಕ್ತಲೇಖನವನ್ನು ಪೆನ್ನು ಬಿಟ್ಟು ಕೀಬೋರ್ಡಿನಲ್ಲೇ ಮಾಡು. ತಾನಾಗೇ ಸ್ಪೆಲಿಂಗ್ ತಿದ್ದುವುದನ್ನು ಆಫ್ ಮಾಡಿಕೊಂಡು.