ಹೊರಗೋಡೆಯ ಸೋಲಾರ್ ಡಿಸಿ ಬಾಕ್ಸ್‌ನಲ್ಲಿ ನೀರು, ಟರ್ಮಿನಲ್ ಕಂದು ಬಣ್ಣ. ಹೊಸ ಐಸೊಲೇಟರ್ (ಕರೆಂಟು ಕಡಿಯುವ ಸ್ವಿಚ್ಚು) ಹೇಗೆ ಹಾಕಿಸಬೇಕು?

ಬಾಳ್ಳುಪೇಟೆ ತಿರುವು:
ಮನೆ ಸಕಲೇಶಪುರದ ಕಡೆ. ತಾರಸಿ ಮೇಲೆ 540 ವ್ಯಾಟಿನ 6 ಪ್ಯಾನೆಲ್, ಒಂದೇ ಸ್ಟ್ರಿಂಗ್ (ಆರೂ ಒಂದಕ್ಕೊಂದು ಸರಣಿಯಲ್ಲಿ). 3 ಕಿಲೊವ್ಯಾಟಿನ ಸಿಂಗಲ್ ಫೇಸ್ ಆನ್‌ಗ್ರಿಡ್ ಇನ್ವರ್ಟರ್ ಮನೆಯೊಳಗೆ, ಮೆಟ್ಟಿಲ ಕೆಳಗಿದೆ. ಡಿಸಿ ಬಾಕ್ಸ್ ಇರುವುದು ಪಶ್ಚಿಮದ ಹೊರಗೋಡೆಯಲ್ಲಿ. ತಾರಸಿಯಿಂದ ಪಿವಿಸಿ ಪೈಪು ನೇರ ಇಳಿದು ಬಾಕ್ಸಿನ ತಲೆಗೇ ಸೇರಿದೆ. ಒಳಗಿರುವುದು ಮನೆಗೆ ಹಾಕುವ ಮಾಮೂಲಿ ಎಂಸಿಬಿ, ಮೇಲೆ ಸಿ32, 240/415 ಅಂತ ಅಚ್ಚಿದೆ.

ರಾತ್ರಿ ಜೋರು ಮಳೆಯಾದರೆ ಬೆಳಿಗ್ಗೆ ಇನ್ವರ್ಟರಿನಲ್ಲಿ ಐಸೊಲೇಶನ್ ಫಾಲ್ಟ್ (ಡಿಸಿ ಕರೆಂಟು ಅರ್ಥಿಗೆ ಸೋರುತ್ತಿದೆ ಎಂಬ ಎಚ್ಚರಿಕೆ) ಬರುತ್ತದೆ, ಹನ್ನೊಂದು ಗಂಟೆ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಬಾಕ್ಸಿನ ಪಾರದರ್ಶಕ ಮುಚ್ಚಳದಲ್ಲಿ ನೋಡಿದರೆ ತಳದಲ್ಲಿ ಒಂದು ಬೆರಳು ನೀರು, ಪ್ಲಸ್ ಟರ್ಮಿನಲ್ ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಬಾಕ್ಸ್ ಮಾತ್ರ ಬದಲಿಸಿದರೆ ಸಾಕಾ, ಸ್ವಿಚ್ಚೂ ಬದಲಿಸಬೇಕಾ? ಯಾವ ರೇಟಿಂಗಿನದು?

ಫೇಸ್-ನ್ಯೂಟ್ರಲ್-ಅರ್ಥ್:
ಎರಡೂ ಬದಲಿಸಿ. ಅದಕ್ಕೂ ಮೊದಲು ಒಂದು ಮಾತು: ಬಿಸಿಲಿರುವಾಗ ಆ ಎಂಸಿಬಿ ಕೆಳಗೆ ಎಳೆಯಲು ಹೋಗಬೇಡಿ.

ಎಸಿ ಎಂಸಿಬಿ ಡಿಸಿಗೆ ಯಾಕೆ ಆಗದು ಅಂದರೆ, ಮನೆ ಕರೆಂಟು 50 ಹರ್ಟ್ಝ್. ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಕಾಂಟ್ಯಾಕ್ಟ್ ಬಿಟ್ಟಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಪ್ಯಾನೆಲಿನ ಡಿಸಿಗೆ ಆ ಬಿಡುವೇ ಇಲ್ಲ. ಸುಮಾರು 300 ವೋಲ್ಟಿನಲ್ಲಿ ಕಿಡಿ ಹಿಡಿದುಕೊಂಡೇ ನಿಂತು ಡಬ್ಬಿಯೊಳಗೆ ಪ್ಲಾಸ್ಟಿಕ್ ಸುಡುತ್ತದೆ. ಆಫ್ ಮಾಡಿದ ಸ್ವಿಚ್ಚೇ ಬೆಂಕಿಗೆ ಕಾರಣವಾಗುವುದು ಹೀಗೆ.

ಆಫ್ ಮಾಡುವ ಕ್ರಮ: ಮೊದಲು ಇನ್ವರ್ಟರಿನ ಎಸಿ ಎಂಸಿಬಿ. ಗ್ರಿಡ್ ತಪ್ಪಿದ ಕೂಡಲೇ ಇನ್ವರ್ಟರ್ ನಿಲ್ಲುತ್ತದೆ, ಡಿಸಿ ಕರೆಂಟು ಹೆಚ್ಚುಕಮ್ಮಿ ಸೊನ್ನೆಗೆ ಇಳಿಯುತ್ತದೆ. ಆಮೇಲೆ ಇನ್ವರ್ಟರ್ ಅಡಿಯ ಡಿಸಿ ನಾಬ್. ಒಳಗಿನ ಕೆಪಾಸಿಟರ್ ಖಾಲಿಯಾಗಲು 10 ನಿಮಿಷ ಬಿಡಿ. ಕೆಲಸದವರು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಸೊನ್ನೆ ನೋಡಿಯೇ ತಾರಸಿಯ ಎಂಸಿ4 (ಪ್ಯಾನೆಲ್ ಕೇಬಲಿನ ಕನೆಕ್ಟರ್) ಕಳಚಬೇಕು. ಬೆಳಕು ಇರುವಷ್ಟು ಹೊತ್ತೂ ಪ್ಯಾನೆಲಿನಿಂದ ಬಾಕ್ಸಿನವರೆಗಿನ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಮೋಡ ಕವಿದಿದ್ದರೂ ಅಷ್ಟೇ. ಫಾಲ್ಟ್ ತೋರಿಸುತ್ತಿರುವಾಗ ಪ್ಯಾನೆಲ್ ಚೌಕಟ್ಟನ್ನೂ ಸ್ಟ್ಯಾಂಡನ್ನೂ ಬರಿಗೈಯಲ್ಲಿ ಮುಟ್ಟಬೇಡಿ.

ರೇಟಿಂಗ್ ಲೆಕ್ಕ: 540 ವ್ಯಾಟಿನ ಪ್ಯಾನೆಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 49.5. ಆರಕ್ಕೆ 297. ಚಳಿಯಲ್ಲಿ ವೋಲ್ಟೇಜ್ ಏರುತ್ತದೆ, 10 ಡಿಗ್ರಿಯ ಬೆಳಗಿಗೆ ಶೇ 4ರಷ್ಟು ಸೇರಿಸಿದರೆ 309. ಶಾರ್ಟ್ ಸರ್ಕ್ಯೂಟ್ ಕರೆಂಟು ಸುಮಾರು 13.8 ಆಂಪ್, 1.25ರಿಂದ ಗುಣಿಸಿದರೆ 17.3. ಹಾಗಾಗಿ 600 ವೋಲ್ಟ್ ಡಿಸಿ, 32 ಆಂಪಿನ ತಿರುಗುವ ಹಿಡಿಯ ಐಸೊಲೇಟರ್ ಕೇಳಿ. 25 ಆಂಪ್ ಲೆಕ್ಕಕ್ಕೆ ಸರಿ, ಆದರೆ ಮುಚ್ಚಿದ ಡಬ್ಬಿಯ ಕಾವಿಗೆ ಸ್ವಲ್ಪ ಮೀಸಲು ಇರಲಿ. ಲೇಬಲ್ ಮೇಲೆ ಐಇಸಿ 60947-3, ಡಿಸಿ-ಪಿವಿ1 ಅಥವಾ ಡಿಸಿ-ಪಿವಿ2 ಅಂತ ಇರಲೇಬೇಕು. ಪ್ಲಸ್, ಮೈನಸ್ ಎರಡೂ ಒಟ್ಟಿಗೆ ಕಡಿಯಬೇಕು. ಅಂಗಡಿಯವರು ಡಿಸಿ ಎಂಸಿಬಿಯನ್ನೇ ಕೊಟ್ಟರೆ ಅದಕ್ಕೆ ಪೊಲಾರಿಟಿ ಇದೆಯಾ ನೋಡಿ. ಅಂಥದ್ದನ್ನು ಉಲ್ಟಾ ಜೋಡಿಸಿದರೆ ಅದರ ಆಯಸ್ಕಾಂತ ಕಿಡಿಯನ್ನು ಆರಿಸುವ ಬದಲು ತಪ್ಪು ದಿಕ್ಕಿಗೆ ದೂಡುತ್ತದೆ.

ಆ ಕಂದು ಬಣ್ಣ ಸ್ಕ್ರೂ ಸಡಿಲವಾದ್ದರಿಂದ. ಕೂಡುವಲ್ಲಿ 0.1 ಓಮ್ ತಡೆ ಬಂದರೂ 13 ಆಂಪಿಗೆ 17 ವ್ಯಾಟ್ ಶಾಖ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು, ಯೋಚಿಸಿ. ಸೋಲಾರ್ ಕೇಬಲಿನ ಎಳೆ ಕೂದಲಷ್ಟು ಸಣ್ಣ. ಬರಿದೇ ತುರುಕಿದರೆ ಅರ್ಧ ಎಳೆ ಸ್ಕ್ರೂ ಪಕ್ಕಕ್ಕೆ ಸರಿದಿರುತ್ತದೆ. ಪಿನ್ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ) ಹಾಕಿ ಪಂಚ್ ಮಾಡಿ, ಲೇಬಲಿನಲ್ಲಿ ಬರೆದ ಟಾರ್ಕಿಗೆ ಬಿಗಿ ಮಾಡಿಸಿ.

ಎರಚಲು ಮಳೆ:
ನೀರಿನ ವಿಷಯ ನಾನು ಹೇಳುತ್ತೇನೆ. ನಿಮ್ಮ ಬಾಕ್ಸಿನ ಮುಚ್ಚಳ ಸೋರುತ್ತಿಲ್ಲ ಮಾರಾಯ್ರೆ, ಪೈಪೇ ನೀರು ತಂದು ಸುರಿಯುತ್ತಿದೆ! ತಾರಸಿಯ ತುದಿಯಲ್ಲಿ ಒಳಹೊಕ್ಕ ಹನಿ ಕೇಬಲ್ ಹಿಡಿದುಕೊಂಡೇ ಇಳಿಯುತ್ತದೆ. ನೀರು, ಧೂಳು ಹೊಗದ ಐಪಿ66 ಬಾಕ್ಸಿಗೂ ತಲೆಯಲ್ಲಿ ತೂತು ಕೊರೆದರೆ ಅದು ಬಕೆಟ್ಟೇ.

ಕೇಬಲ್ ತಳದಿಂದಲೇ ಹೋಗಬೇಕು. ಪೈಪನ್ನು ಬಾಕ್ಸಿನ ಪಕ್ಕದಿಂದ ಕೆಳಗಿಳಿಸಿ ಬಾಕ್ಸಿಗಿಂತ ಒಂದು ಗೇಣು ಕೆಳಗೆ ಬಾಯಿ ಬಿಟ್ಟು ನಿಲ್ಲಿಸಿ. ಅಲ್ಲಿಂದ ಕೇಬಲ್ ಬಗ್ಗಿ ಮೇಲೇರಿ ಗ್ಲ್ಯಾಂಡಿಗೆ (ತೂತಿನಲ್ಲಿ ಕೇಬಲ್ ಸುತ್ತ ಬಿಗಿಯುವ ಬಿಲ್ಲೆಗೆ) ಸೇರಲಿ, ನೀರು ಬಗ್ಗಿದ ತಳದಲ್ಲೇ ತೊಟ್ಟಿಕ್ಕುತ್ತದೆ. 4 ಚದರ ಮಿಲಿಮೀಟರ್ ಕೇಬಲಿಗೆ ಪಿಜಿ9 ಗ್ಲ್ಯಾಂಡ್ ಸರಿ, ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್. ಎರಡು ಹಾಕಿದರೆ ನಡುವಿನ ಸಂದಿ ಎಷ್ಟು ಬಿಗಿದರೂ ಮುಚ್ಚದು. ಒಳಬಂದದ್ದು ಎರಡು, ಹೊರಹೋಗುವುದು ಎರಡು, ಒಟ್ಟು ನಾಲ್ಕು ಗ್ಲ್ಯಾಂಡ್. ಎಸ್‌ಪಿಡಿ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಸಾಧನ) ಇದ್ದರೆ ಅರ್ಥ್ ತಂತಿಗೆ ಐದನೆಯದು. ಖಾಲಿ ತೂತಿಗೆ ಬಿರಡೆ ಹಾಕಿಸಿ, ಇಲ್ಲದಿದ್ದರೆ ಇರುವೆ, ಹಲ್ಲಿ, ಕಣಜ ಮೂರೂ ಮನೆ ಮಾಡುತ್ತವೆ.

ಬಾಕ್ಸಿನ ಬೆನ್ನಿಗೆ ತೂತು ಕೊರೆದು ಗೋಡೆಗೆ ಸ್ಕ್ರೂ ಹೊಡೆಯುವುದು ಬೇಡ, ಹೊರಗಿನ ಕಿವಿಗಳಿಂದಲೇ ಕೂರಿಸಬೇಕು. ಮುಂಗಾರಿನ ಎರಚಲು ನೇರ ಬಡಿಯುವುದು ಪಶ್ಚಿಮದ ಗೋಡೆಗೇ. ಆಗುವುದಾದರೆ ಪೂರ್ವಕ್ಕೋ ಸೂರಿನ ಕೆಳಗೋ ಸರಿಸಿ. ಆಗದಿದ್ದರೆ ಮೇಲೆ ಇಳಿಜಾರಾದ ತಗಡು ಹಾಕಿಸಿ. ಸುತ್ತಲೂ ಸಿಲಿಕಾನ್ ಹಚ್ಚಿಬಿಡಿ.

ಫೇಸ್-ನ್ಯೂಟ್ರಲ್-ಅರ್ಥ್:
ಸುತ್ತಲೂ ಬೇಡ. ಬಾಕ್ಸಿಗೂ ಗೋಡೆಗೂ ನಡುವೆ ಮೇಲೆ ಮತ್ತು ಎರಡು ಪಕ್ಕ ಸಾಕು, ಕೆಳಗೆ ತೆರೆದೇ ಇರಲಿ. ಮಲೆನಾಡಿನ ಗಾಳಿಯೇ ಒದ್ದೆ, ಹಗಲು ಕಾದು ರಾತ್ರಿ ತಣಿದಾಗ ಬಾಕ್ಸಿನ ಒಳಗೂ ಬೆವರುತ್ತದೆ. ಅದಕ್ಕೆ ತಳದಲ್ಲಿ ಒಳಗಿನ ತೇವ ಹೊರಬಿಡುವ ಒಂದು ಬ್ರೀದರ್ ಪ್ಲಗ್ ಹಾಕಿಸಬೇಕು. ಹುಳಿ ವಾಸನೆ ಬರುವ ಸಿಲಿಕಾನ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ.

ಬಾಳ್ಳುಪೇಟೆ ತಿರುವು:
ಇನ್ವರ್ಟರಿನಲ್ಲೇ ಡಿಸಿ ನಾಬ್ ಇದೆಯಲ್ಲ ಸರ್, ಹೊರಗೆ ಇನ್ನೊಂದು ಬೇಕೇಬೇಕಾ? ಲೈನ್‌ಮ್ಯಾನ್ ಕೇಳುವುದು ಯಾವ ಸ್ವಿಚ್ಚು?

ಎರಡೆಳೆ ತಾಮ್ರ:
ಒಳ್ಳೆಯ ಪ್ರಶ್ನೆ. ಹೊರಗಿನ ಒಂದೊಂದು ಸ್ವಿಚ್ಚೂ ನಾಲ್ಕು ಹೊಸ ಕೂಡು, ನಾಲ್ಕು ಹೊಸ ತೂತು. ಆಸ್ಟ್ರೇಲಿಯಾದಲ್ಲಿ ಚಾವಣಿ ಮೇಲೆ ಡಿಸಿ ಐಸೊಲೇಟರ್ ಕಡ್ಡಾಯವಿತ್ತು. ನೀರು ಹೊಕ್ಕು ಅವೇ ಹೊತ್ತಿಕೊಳ್ಳತೊಡಗಿದ್ದರಿಂದ 2021ರ ಮಾನದಂಡದಲ್ಲಿ ಆ ಕಡ್ಡಾಯ ತೆಗೆದರು. ಇನ್ವರ್ಟರ್ ಹೊರಗೋಡೆಯಲ್ಲೇ ಇದ್ದಿದ್ದರೆ ಅದರ ನಾಬ್ ಸಾಕು ಅನ್ನುತ್ತಿದ್ದೆ. ನಿಮ್ಮದು ಮೆಟ್ಟಿಲ ಕೆಳಗೆ. ಡಿಸಿ ಕೇಬಲ್ ಮನೆಯೊಳಗೆ ಹಾಯುತ್ತದೆ, ಒಳಗೆ ಹೊಗೆ ಎದ್ದರೆ ಹೊರಗಿನಿಂದ ಕಡಿಯಲು ಒಂದು ಬೇಕು. ಒಂದೇ ಸಾಕು, ತಾರಸಿಯಲ್ಲಿ ಇನ್ನೊಂದು ಬೇಡ. ಒಂದೇ ಸ್ಟ್ರಿಂಗಿಗೆ ಡಿಸಿ ಫ್ಯೂಸೂ ಬೇಕಿಲ್ಲ.

ಲೈನ್‌ಮ್ಯಾನ್‌ಗೆ, ಅಂದರೆ ವಿದ್ಯುತ್ ಕಂಪನಿ ಸೆಸ್ಕ್‌ನವರಿಗೆ ಬೇಕಾದದ್ದು ಎಸಿ ಕಡೆಯದು. ಗ್ರಿಡ್ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ ನಿಜ, ಆದರೆ ಕಂಬ ಹತ್ತುವವನು ನಿಮ್ಮ ಇನ್ವರ್ಟರಿನ ಸಾಫ್ಟ್‌ವೇರ್ ನಂಬಿ ಹತ್ತುವುದಿಲ್ಲ. ಮೀಟರ್ ಪಕ್ಕ, ಗೇಟಿನ ಬೀಗ ತೆಗೆಸದೆ ಕೈಗೆ ಸಿಗುವಂತೆ, ಆನ್ ಆಫ್ ಸ್ಪಷ್ಟ ಕಾಣುವ, ಆಫ್‌ನಲ್ಲಿ ಬೀಗ ಹಾಕಬಹುದಾದ 2 ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಐಸೊಲೇಟರ್ ಇರಲಿ. 3 ಕಿಲೊವ್ಯಾಟಿಗೆ 13 ಆಂಪ್, 32 ಆಂಪಿನದು ಧಾರಾಳ. ಜಾಗ, ಎತ್ತರ ಎರಡನ್ನೂ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಂಡೇ ಗೋಡೆ ಕೊರೆಸಿ. ಆ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದ್ದು, ಮೀಟರಿನ ಸೀಲ್ ನೀವು ಮುಟ್ಟಬೇಡಿ.

ಎಸ್‌ಪಿಡಿಯ ಅರ್ಥ್ ತಂತಿ ಅರ್ಧ ಮೀಟರಿನೊಳಗೆ ಅರ್ಥ್ ಬಾರಿಗೆ ಸೇರಬೇಕು. ಸುರುಳಿ ಸುತ್ತಿಟ್ಟರೆ ಸಿಡಿಲಿಗೆ ಅದು ಇದ್ದೂ ಇಲ್ಲದಂತೆ. ಏಪ್ರಿಲ್, ಮೇ ಗುಡುಗಿನ ನಂತರ ಅದರ ಹಸಿರು ಕಿಟಕಿ ಕೆಂಪಾಗಿದೆಯಾ ನೋಡಿ.

ಕೆಲಸ ಮುಗಿದ ಮೇಲೆ ಎಸ್‌ಪಿಡಿ, ಇನ್ವರ್ಟರ್ ಎರಡನ್ನೂ ಕಳಚಿಟ್ಟು ಪ್ಲಸ್‌ನಿಂದ ಅರ್ಥಿಗೆ, ಮೈನಸ್‌ನಿಂದ ಅರ್ಥಿಗೆ ಮೆಗ್ಗರ್ (ಇನ್ಸುಲೇಶನ್ ತಡೆ ಅಳೆಯುವ ಮೀಟರ್) ಹಾಕಿಸಿ, 1 ಮೆಗಾ ಓಮ್‌ಗಿಂತ ಕೆಳಗೆ ಬರಬಾರದು. ಬಾಕ್ಸ್ ಒಣಗಿದ್ದರೂ ಬೆಳಗಿನ ಫಾಲ್ಟ್ ಮತ್ತೆ ಬಂದರೆ ತಾರಸಿಯಲ್ಲಿ ನೆಲಕ್ಕೆ ತಾಗಿ ಬಿದ್ದಿರುವ ಎಂಸಿ4 ಹುಡುಕಿ. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ಸೇರಿಸಿದ ಕಡೆ ನೀರು ಮೊದಲು ಹೊಗುತ್ತದೆ.