ಪದಚರ್ಚೆ: ಸೈಕಲ್ 'ಇಳಿಯುವ' ರೇಸಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸೈಕಲ್ ರೇಸಿನ ದಾರಿಯಲ್ಲಿ ಹಾಕುವ ಒಂದು ಎಚ್ಚರಿಕೆ ಬೋರ್ಡಿಗೆ ಎರಡು ಮೂರು ಪದ ಬೇಕಾಗಿದೆ. ಅಷ್ಟಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ಕಳೆದ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಮೌಂಟನ್ ಬೈಕ್ ಡೌನ್‌ಹಿಲ್ ರೇಸ್ ನಡೆಯಿತು. ಹವ್ಯಾಸಿ ವಿಭಾಗದಲ್ಲಿ ನಾನೂ ಹೆಸರು ಕೊಟ್ಟಿದ್ದೆ. ('ಹವ್ಯಾಸಿ' ಬಗ್ಗೆ ನನ್ನ ತಕರಾರಿಲ್ಲ, ನಾಟಕದವರ ದಯೆಯಿಂದ ಅದು ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ಮರಾಠಿಯಲ್ಲಿ 'ಹವ್ಯಾಸ' ಅಂದರೆ ಅತಿಯಾಸೆ. ಸರ್ಟಿಫಿಕೇಟಿನಲ್ಲಿದ್ದ ಪದ ಓದಿ ಹೇಳಿದಾಗ ಕೊಲ್ಹಾಪುರದ ಗೆಳೆಯ ಬಿದ್ದು ಬಿದ್ದು ನಕ್ಕ. ಸೈಕಲ್ಲಿಗೆ ಸುರಿದ ದುಡ್ಡಿನ ಲೆಕ್ಕ ಹಾಕಿದರೆ ಮರಾಠಿ ಅರ್ಥವೇ ನನಗೆ ಸರಿಹೊಂದುತ್ತೆ.)

ತೊಂದರೆ ಶುರುವಾಗಿದ್ದು ಅಮ್ಮನ ಜೊತೆ ಫೋನಿನಲ್ಲಿ. "ಭಾನುವಾರ ಸೈಕಲ್ಲಲ್ಲಿ ಗುಡ್ಡ ಇಳಿಯೋ ಸ್ಪರ್ಧೆ ಇದೆ ಅಮ್ಮ" ಅಂದೆ.

"ಹತ್ತೋದಕ್ಕಾದ್ರೆ ಸ್ಪರ್ಧೆ ಸರಿ. ಇಳಿಯೋದಕ್ಕೇನೋ ಸ್ಪರ್ಧೆ? ಅಷ್ಟು ಕಡಿದಾಗಿದ್ರೆ ಸುಮ್ನೆ ಸೈಕಲ್ ಇಳಿದು ತಳ್ಕೊಂಡು ಬಾ."

ಅಮ್ಮ ಒಂದೇ ಉಸಿರಿನಲ್ಲಿ 'ಇಳಿ'ಯನ್ನು ಎರಡು ಅರ್ಥದಲ್ಲಿ ಬಳಸಿದ್ದರು. ಸೈಕಲ್ಲಿನ ಮಾತು ಬಂದಾಗ ನಮಗೆ 'ಇಳಿ' ಅಂದರೆ ಮೊದಲು ಕಾಲು ನೆಲಕ್ಕೆ ಊರುವುದು. ಡೌನ್‌ಹಿಲ್ ರೇಸಿನಲ್ಲಿ ಯಾರೂ ಮಾಡಬಾರದ ಕೆಲಸ ಅದೇ! ಗುಂಪಾಗಿ ಹೊರಡುವ ರೇಸ್ ಇದಲ್ಲ. ಒಬ್ಬೊಬ್ಬರನ್ನೇ, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬರಂತೆ ಮೇಲಿನಿಂದ ಬಿಡುತ್ತಾರೆ. ಕೆಳಗೆ ಗಡಿಯಾರ. ಕಡಿಮೆ ಹೊತ್ತು ತಗೊಂಡವರು ಗೆದ್ದರು. ಮಧ್ಯೆ ಸೈಕಲ್ ಇಳಿದವನ ಕಥೆ ಅಲ್ಲಿಗೇ ಮುಗಿಯಿತು.

'ಇಳಿಜಾರು ಓಟ' ಎಂದು ಪತ್ರಿಕೆಯವರು ಬರೆಯಬಹುದು. ಅದರಲ್ಲಿ 'ಜಾರು' ಕೂತಿದೆ, ಕೇಳಿದ ತಕ್ಷಣ ಪಾರ್ಕಿನ ಜಾರುಬಂಡೆ ನೆನಪಾಗುತ್ತೆ. ನನಗೆ ಹೆಚ್ಚು ಹಿಡಿಸಿದ ಪದ 'ಇಳುಕಲು'. ಅದು ನೆಲದ ಗುಣ ಹೇಳುವ ಪದ, ಸೈಕಲ್ ಇಳಿಯುವ ಅರ್ಥ ಅದಕ್ಕೆ ಅಂಟಿಲ್ಲ. 'ಇಳುಕಲು ಓಟ' ಅಂದರೆ ಹೇಗೆ? ಆದರೆ ನಮ್ಮ ತುಮಕೂರು ಕಡೆಯ ಹುಡುಗರು ಇಳುಕಲು ಅನ್ನುವುದಿಲ್ಲ. 'ಡೌನು' ಅನ್ನುತ್ತಾರೆ. "ಮುಂದೆ ಒಂದು ಅಪ್ಪು, ಆಮೇಲೆ ಡೌನು."

'ಓಟ'ದ ಬಗ್ಗೆ ನನಗೆ ಅನುಮಾನವಿಲ್ಲ. ಕಂಬಳದಲ್ಲಿ ಕೋಣ ಓಡುತ್ತೆ, ರಸ್ತೆಯಲ್ಲಿ ಬಸ್ಸೂ ಓಡುತ್ತೆ. ಉತ್ತರ ಕರ್ನಾಟಕದವರಿಗೆ 'ಶರ್ಯತ್ತು' ಇದೆ. ಎತ್ತಿನ ಗಾಡಿಯದ್ದೂ ಶರ್ಯತ್ತು, ಸೈಕಲ್ಲಿನದ್ದೂ ಶರ್ಯತ್ತು. ವಿಜಯಪುರ, ಬಾಗಲಕೋಟೆ ಸೈಕಲ್ ಪಟುಗಳ ಸೀಮೆ. ಅವರ ಪದಕ್ಕೆ ನಾವು ತಲೆಬಾಗಲೇಬೇಕು.

ಇನ್ನು ಕ್ರಿಯಾಪದ. ಸೈಕಲ್ ಅಂದರೆ 'ತುಳಿ' ಅನ್ನುತ್ತೇವೆ ಅಲ್ವಾ? ಡೌನ್‌ಹಿಲ್‌ನಲ್ಲಿ ತುಳಿಯುವುದು ತೀರಾ ಕಡಿಮೆ. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಅವುಗಳ ಮೇಲೆ ನಿಂತು, ಸೀಟು ಮುಟ್ಟದೆ, ಮೊಣಕಾಲು ಮೊಣಕೈ ಮಡಚಿಕೊಂಡು ಬರಬೇಕು. ಸೈಕಲ್ 'ಓಡಿಸು' ಸಪ್ಪೆ. ಹುಬ್ಬಳ್ಳಿಯವರ 'ಹೊಡಿ' ಜೋರಾಗಿದೆ, ಆದರೆ ನನಗೆ ಸರಿಯೆನಿಸಿದ್ದು ಕರಾವಳಿಯವರ 'ಬಿಡು'. ಅವರು ಕಾರು 'ಬಿಡುತ್ತಾರೆ', ಬೈಕು 'ಬಿಡುತ್ತಾರೆ'. ಗುಡ್ಡದಿಂದ ಕೆಳಗೆ ಬರುವಾಗ ನಿಜವಾಗಿ ಮಾಡುವುದೂ ಅದನ್ನೇ. ಬ್ರೇಕ್ ಬಿಡುವುದು.

ಈ ಪದ ನನ್ನ ಮೈಮೇಲೆ ಗುರುತು ಬಿಟ್ಟಿದೆ, ಅದಕ್ಕೆ ಹೇಳುತ್ತೇನೆ. ಮೂರನೇ ತಿರುವು. ಹಿಟ್ಟಿನಂಥ ಧೂಳು, ಅದರ ಮೇಲೆ ಸಿಲ್ವರ್ ಓಕ್ ಮರದ ಒಣ ಎಲೆ. ಉಡುಪಿಯ ಗೆಳೆಯ ಹಗ್ಗದ ಆಚೆ ನಿಂತು "ಬಿಡು, ಬಿಡು ಮಾರಾಯ, ಬಿಡು!" ಎಂದು ಕೂಗಿದ. ನಮ್ಮ ಕಡೆ "ಬಿಡು ಮಾರಾಯ" ಅಂದರೆ ಹೋಗ್ಲಿ ಬಿಡು, ಇನ್ನು ಆಗಲ್ಲ ಅಂತ. ಚೈನು ಗೀನು ಕಿತ್ತುಹೋಯಿತೇನೋ ಅಂದುಕೊಂಡು ತಿರುವಿನ ನಡುವೆಯೇ ಎರಡೂ ಬ್ರೇಕ್ ಅಮುಕಿದೆ. ತಿರುವಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಬೇಕು, ಒಳಗೆ ಬಂದ ಮೇಲೆ ಕೈಬಿಡಬೇಕು. ಅವನು ಹೇಳಿದ್ದು ಅದನ್ನೇ. ಮುಂದಿನ ಗಾಲಿ ಎಲೆಯ ಮೇಲೆ ಜಾರಿತು. ನಾನು ಮಣ್ಣಿಗೆ ಎದೆ ಕೊಟ್ಟು ಮಲಗಿದ್ದೆ, ಅವನು ಇನ್ನೂ "ಬಿಡು" ಅನ್ನುತ್ತಲೇ ಇದ್ದ. 23 ಜನರಲ್ಲಿ 19ನೆಯವನಾದೆ. ಬಿದ್ದು ಎದ್ದು ಹೋದರೂ 19 ಅನ್ನುವುದು ಸಮಾಧಾನ.

ಬ್ರೇಕಿಗೂ ಈ ಆಟದ ಹೆಸರಿಗೂ ಹಳೆಯ ನಂಟಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಗೆಳೆಯರು ಗುಡ್ಡದ ಮಣ್ಣು ದಾರಿಯಲ್ಲಿ ಇಂಥ ಓಟ ಶುರು ಮಾಡಿದರು. ಅಪ್ಪಟ ಹವ್ಯಾಸಿಗಳು. ಸುಮಾರು 3 ಕಿಲೋಮೀಟರ್ ದಾರಿ, 400 ಮೀಟರಿನಷ್ಟು ಇಳಿತ. ಅಲ್ಲಿನ ದಾಖಲೆ ಆ ಗೆಳೆಯರಲ್ಲೊಬ್ಬರಾದ ಗ್ಯಾರಿ ಫಿಷರ್ ಅವರ 4 ನಿಮಿಷ 22 ಸೆಕೆಂಡು. ಸೈಕಲ್ಲುಗಳೋ, ದಪ್ಪ ಟೈರಿನ ಹಳೆಯವು. ಅವನ್ನು 'ಕ್ಲಂಕರ್' ಅನ್ನುತ್ತಿದ್ದರು, ನಮ್ಮ 'ಡಕೋಟ' ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಯ ನಡುವಿನ ಹಬ್ಬಿನೊಳಗೆ ಬ್ರೇಕ್ ಹಿಡಿಯುತ್ತಿತ್ತು. ಒಂದು ಸಲ ಕೆಳಗೆ ಬರುವಷ್ಟರಲ್ಲಿ ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹೀಗೆ ತಿರುಗಿ ತುಂಬುವ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ರೀಪ್ಯಾಕ್'. ಆ ದಾರಿಗೂ ಓಟಕ್ಕೂ ಅದೇ ಹೆಸರು ನಿಂತಿತು. ನಮ್ಮ ಸೈಕಲ್ ಶಾಪಿನವರು ಇಟ್ಟಿದ್ದರೆ ಅದು 'ಓವರಾಯಿಲ್' ಗುಡ್ಡ ಆಗುತ್ತಿತ್ತು! ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಬಂದಿದ್ದು 1990ರಲ್ಲಿ, ಕೊಲರಾಡೋದ ಡುರಾಂಗೊದಲ್ಲಿ. ಒಲಿಂಪಿಕ್ಸ್‌ಗೆ 1996ರಲ್ಲಿ ಹೋದದ್ದು ಏರಿಳಿತದ ಕ್ರಾಸ್‌ಕಂಟ್ರಿ ಮಾತ್ರ. ಅಮ್ಮನ ಹಾಗೆ ಒಲಿಂಪಿಕ್ಸ್‌ನವರಿಗೂ ಇಳಿಯೋದಕ್ಕೇನು ಸ್ಪರ್ಧೆ ಅನ್ನಿಸಿರಬೇಕು.

ಬೇರೆ ಮೂರು ಪದ ಬೇಗ ಹೇಳಿಬಿಡುತ್ತೇನೆ. ಒಂದು ಬರ್ಮ್. ತಿರುವಿನ ಹೊರಬದಿಯಲ್ಲಿ ಮಣ್ಣು ಏರಿಸಿ ಓರೆಯಾಗಿ ಕಟ್ಟಿದ ಗೋಡೆ. ಅದಕ್ಕೆ ಗಾಲಿ ಒರಗಿಸಿ ವೇಗ ಕಳೆಯದೆ ತಿರುಗಬಹುದು. ಇಂಗ್ಲಿಷಿನಲ್ಲೂ ಇದು ಮೊದಲು ಕೋಟೆ ಕಟ್ಟುವವರ ಪದ, ಗೋಡೆಗೂ ಕಂದಕಕ್ಕೂ ನಡುವೆ ಬಿಡುವ ಮಣ್ಣಿನ ಪಟ್ಟಿ. ನಾವು ಪದ ಹುಡುಕುತ್ತಿದ್ದರೆ, ಗುದ್ದಲಿ ಹಿಡಿದಿದ್ದ ತೋಟದ ಆಳು "ಈ ಬದು ಇನ್ನೂ ಎತ್ತರ ಬೇಕಾ ಸಾರ್?" ಎಂದು ಕೇಳಿದ. ಅಲ್ಲಿಗೆ ಮುಗಿಯಿತು. ಬರ್ಮ್ ಅಂದರೆ ಬದು. ಕಟ್ಟಿದವನೇ ಹೆಸರಿಟ್ಟ ಮೇಲೆ ಇನ್ನೇನು?

ಎರಡನೆಯದು ಡ್ರಾಪ್. ಇದನ್ನು 'ಹಾರು' ಅನ್ನಬೇಡಿ. ಹಾರುವಾಗ ಸೈಕಲ್ ಮೇಲೇಳುತ್ತೆ. ಡ್ರಾಪಿನಲ್ಲಿ ಸೈಕಲ್ ಮೇಲೇಳುವುದಿಲ್ಲ, ನೆಲವೇ ಕೆಳಗೆ ಹೋಗಿಬಿಡುತ್ತೆ. ನಮ್ಮಲ್ಲಿ ಜಲಪಾತ 'ಧುಮುಕುತ್ತೆ'. ಆದ್ದರಿಂದ 'ಧುಮುಕು', ನಾಮಪದವಾಗಿಯೂ. "ಎರಡನೇ ಧುಮುಕಿನಲ್ಲಿ ಬಿದ್ದೆ."

ಮೂರನೆಯದು ಲೈನ್, ಅಂದರೆ ಅಗಲ ದಾರಿಯಲ್ಲಿ ನಾವು ಆರಿಸಿಕೊಳ್ಳುವ ಒಂದು ಗಾಲಿಯಷ್ಟು ಅಗಲದ ದಾರಿ. ಹಿಂದಿನ ದಿನ ಎಲ್ಲರೂ ನಡೆದು ನೋಡಿ ಇದನ್ನೇ ಗೊತ್ತು ಮಾಡಿಕೊಳ್ಳುತ್ತಾರೆ. ಯಾವ ಬೇರಿನ ಎಡಕ್ಕೆ, ಯಾವ ಕಲ್ಲಿನ ಬಲಕ್ಕೆ ಎಂದು. ಇದಕ್ಕೆ 'ಜಾಡು' ಎಂದೇ ಹೇಳುತ್ತಿದ್ದೇವೆ. ಗಾಡಿ ಜಾಡು ನೋಡಿದವರಿಗೆ ವಿವರಿಸಬೇಕಿಲ್ಲ.

ಈಗ ಬೋರ್ಡಿಗೆ ಬರುತ್ತೇನೆ. ಕೂಲಿಯವರು ದಿನಾ ದಾಟುವ ಕಾಲುದಾರಿ ಎರಡು ಕಡೆ ಈ ಟ್ರ್ಯಾಕಿಗೆ ಅಡ್ಡ ಬರುತ್ತೆ. ಹೋದ ಸಲ ಅಲ್ಲಿ ಹಾಕಿದ್ದ ಬೋರ್ಡು: 'ಇಳಿಜಾರು ಸ್ಪರ್ಧೆ ಪ್ರಗತಿಯಲ್ಲಿದೆ'. 'ಕಾಮಗಾರಿ ಪ್ರಗತಿಯಲ್ಲಿದೆ' ನೋಡಿ ಬೆಳೆದವರು ನಾವು. ಆ ಪದ ಕಂಡರೆ ಇಲ್ಲಿ ಏನೂ ನಡೆಯುತ್ತಿಲ್ಲ ಎಂದೇ ಅರ್ಥ. ಪ್ರಾಕ್ಟೀಸ್ ದಿನ ಸೌದೆ ಹೊತ್ತ ಒಬ್ಬ ಅಕ್ಕ ನಿಧಾನವಾಗಿ ದಾಟುತ್ತಿದ್ದರು. ಬ್ರೇಕ್ ಕಿರುಚಿಸಿಕೊಂಡು ಎರಡು ಮಾರು ದೂರದಲ್ಲಿ ನಿಂತೆ. ಅವರು ಬೋರ್ಡ್ ನೋಡಿ, ನನ್ನ ನೋಡಿ, "ಯಾವ ಕೆಲಸ ನಡೀತಿದೆ ಸಾರ್ ಇಲ್ಲಿ?" ಅಂದರು.

ಈ ಸಲ ಬರೆಯುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಕೆಳಗಿನ ಸಾಲು ತೀರ್ಮಾನವಾಗಿದೆ: 'ಮೇಲಿಂದ ಸೈಕಲ್ ಜೋರಾಗಿ ಬರ್ತಾವೆ. ವಿಸಿಲ್ ಕೇಳಿದರೆ ದಾಟಬೇಡಿ.' ಮೇಲೆ ದೊಡ್ಡಕ್ಷರದ ತಲೆಬರಹ ಬೇಕು. 'ಇಳುಕಲು ಓಟ'ವೋ, 'ಗುಡ್ಡದ ಸೈಕಲ್ ಓಟ'ವೋ? ಎರಡನೆಯದು ಹತ್ತುವುದೋ ಇಳಿಯುವುದೋ ತಿಳಿಯದು, ಆದರೆ 'ಮೇಲಿಂದ' ಅನ್ನುವುದು ಕೆಳಗಿದೆಯಲ್ಲ. ಮಲೆನಾಡಿನವರು ಮುಖ್ಯವಾಗಿ ಹೇಳಿ: ನಿಮ್ಮ ತೋಟದಲ್ಲಿ ಕೆಲಸ ಮಾಡುವವರು 'ಇಳುಕಲು' ಅನ್ನುತ್ತಾರಾ, ಇಲ್ಲ ಬೇರೆ ಪದ ಇದೆಯಾ? ಬೋರ್ಡ್ ನಾಲ್ಕು ಅಡಿ ಅಗಲ, ಮೂರು ಪದಕ್ಕಿಂತ ಜಾಸ್ತಿ ಹಿಡಿಯಲ್ಲ. ಪೇಂಟರ್ ಗುರುವಾರ ಬರುತ್ತಾರೆ.